ಸಾಲಿನ ಕೊನೆಯ ಅಡ್ಡಗೆರೆ

ಹನೀಫಾ ಸಿಸ್ಟರ್ ಅವರ ಕೆಲಸ ಹೋದದ್ದು ನನ್ನ ಕೈಯಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿನಲ್ಲಿ ಈ ಸಂಗತಿಯನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಹೆಸರು ಬರುವ ಜಾಗದಲ್ಲಿ ಎಲ್ಲರೂ ಸ್ವಲ್ಪ ಮೆತ್ತಗೆ ಮಾತಾಡಿ ದಾಟಿಬಿಡುತ್ತಾರೆ. ಅದು ಅವರ ಒಳ್ಳೆಯತನ. ನಾನೇ ಹೇಳುವಾಗ ದಾಟುವುದು ಸರಿಯಲ್ಲ.

ನಾನು ಈ ಊರಿನವಳಲ್ಲ, ಯತಿರಾಜರನ್ನು ಮದುವೆಯಾಗಿ ಬಂದವಳು. ಅವರು ನೀರಿನ ಟ್ಯಾಂಕಿನ ಪಂಪು ನೋಡಿಕೊಳ್ಳುತ್ತಾರೆ. ಮದುವೆಗೆ ಮುಂಚೆ ನಮ್ಮಪ್ಪ ಅವರನ್ನು, "ನಿಮ್ಮೂರಲ್ಲಿ ತೊಂದರೆ ಗಿಂದರೆ ಏನಾದರೂ ಇದೆಯಾ" ಎಂದು ಕೇಳಿದ್ದಕ್ಕೆ, "ನೀರಿಗೇನೂ ತೊಂದರೆ ಇಲ್ಲ. ಕಾಗದ ಬರೆಸುವಾಗ ಸ್ವಲ್ಪ ಹುಷಾರಾಗಿರಬೇಕು, ಅಷ್ಟೇ" ಎಂದಿದ್ದರು. ಅಪ್ಪ ಅದನ್ನು ಕೋರ್ಟು ಕಚೇರಿಯ ಮಾತು ಅಂದುಕೊಂಡು ಸುಮ್ಮನಾದರು.

ಇಲ್ಲಿ ಪ್ರತಿಯೊಬ್ಬರಿಗೂ ವರ್ಷಕ್ಕೆ ಒಂದು ಹಾಳೆ. ವರ್ಷದ ಹಾಳೆ ಅಂತಲೇ ಹೆಸರು. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಒಬ್ಬೊಬ್ಬರಿಗೆ ಒಂದೊಂದು ದಿನ ಗೊತ್ತುಮಾಡಿರುತ್ತಾರೆ. ಅವತ್ತು ಪುರಸಭೆಗೆ ಹೋಗಿ ಕೆಲಸವೋ, ಅಂಗಡಿಯೋ, ಮನೆಯೋ, ಏನು ಬೇಕೋ ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆ ಬಿದ್ದ ಮರುದಿನದಿಂದ ಹಾಳೆಯಲ್ಲಿ ಹೇಗಿದೆಯೋ ಹಾಗೆಯೇ ಆಗುತ್ತದೆ. ರೋಗಕ್ಕೆ ಬರೆದರೆ, ಬಂಗಾರಕ್ಕೆ ಬರೆದರೆ ಹಾಳೆ ಸುಮ್ಮನೆ ಬಿದ್ದಿರುತ್ತದೆ. ಯಾರು ಯಾವ ಕೆಲಸದವರು, ಯಾವ ಜಾಗ ಯಾರದು, ಯಾವ ಅಂಗಡಿಯಲ್ಲಿ ಏನಿದೆ, ಅಂಥದ್ದನ್ನು ಮಾತ್ರ ಹಿಡಿಯುತ್ತದೆ. ಹಿಡಿಯಿತೆಂದರೆ ಅಕ್ಷರಕ್ಕೆ ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ ಏನು ಬರೆದರೂ ಏನೂ ಆಗುವುದಿಲ್ಲ. ಹಾಗಾಗಿ ಜನ ಜಗಳ, ಪ್ರೀತಿ, ಮದುವೆಯ ಮಾತುಕತೆ ಎಲ್ಲವನ್ನೂ ನಿರಾಳವಾಗಿ ಕನ್ನಡದಲ್ಲಿ ಇಟ್ಟುಕೊಂಡಿದ್ದಾರೆ.

ಬಂದ ಹೊಸದರಲ್ಲಿ ಯತಿರಾಜರು ನನ್ನನ್ನು ಊರು ತೋರಿಸಲು ಕರೆದುಕೊಂಡು ಹೋದಾಗ ಪೇಟೆಯಲ್ಲಿ ಒಂದು ಪುಸ್ತಕದಂಗಡಿಗೆ ಹೋಗಿದ್ದೆವು. ಹಳೆಯ ಪುಸ್ತಕ ಮಾರುವ ಅಂಗಡಿ. ಮಾಲೀಕನಿಗೆ ಮೂವತ್ತು ದಾಟಿರಲಿಲ್ಲ. ತಲೆ ಪೂರಾ ಬೆಳ್ಳಗಾಗಿತ್ತು. ಹೊರಗೆ ಬಂದಮೇಲೆ ಯತಿರಾಜರು ಹೇಳಿದರು: "ಒಂದು ವರ್ಷ ಅವನ ಹಾಳೆಯಲ್ಲಿ ಓಲ್ಡ್ ಬುಕ್ ಸೆಲ್ಲರ್ ಅಂತ ಬಂದುಬಿಟ್ಟಿತು. ಓಲ್ಡ್ ಮತ್ತು ಬುಕ್ ನಡುವೆ ಅಡ್ಡಗೆರೆ, ಅದೇ ಹೈಫನ್, ಇರಲಿಲ್ಲ. ಮುದಿಯಾದದ್ದು ಪುಸ್ತಕವೋ ಮಾರುವವನೋ, ಹೇಳೋರು ಯಾರು? ಮುಂದಿನ ವರ್ಷ ಗೆರೆ ಹಾಕಿಸಿಕೊಂಡ. ಮೊಣಕಾಲು ನೋವು ಹೋಯಿತು, ಕೂದಲು ಮಾತ್ರ ವಾಪಸ್ ಬರಲಿಲ್ಲ." ಶಾಮಿಯಾನದವರ ಕಥೆಯೂ ಅಂಥದ್ದೇ. ಇಪ್ಪತ್ತು ಚಿಲ್ಲರೆ ಕುರ್ಚಿ ಎನ್ನಲು ಟ್ವೆಂಟಿ-ಆಡ್ ಚೇರ್ಸ್ ಎಂದು ಬರೆಸಲು ಹೋಗಿ ಗೆರೆ ಬಿಟ್ಟುಹೋಗಿ, ಆಡ್ ಎಂದರೆ ವಿಚಿತ್ರ ಎಂದಾಗಿತ್ತು. ಸರಿಯಾಗಿ ಇಪ್ಪತ್ತು ಕುರ್ಚಿಗಳು ಬಂದವು, ಒಂದೊಂದೂ ಒಂದೊಂದು ವಿಚಿತ್ರ. ಒಂದಕ್ಕೆ ಮೂರು ಕಾಲು, ಇನ್ನೊಂದರ ಬೆನ್ನು ಮುಂದುಗಡೆ. ಅದರಲ್ಲೇ ಮದುವೆಗಳು ನಡೆಯುತ್ತವೆ. ಬೀಗರು ಮಾತ್ರ ಕೂರುವ ಮುಂಚೆ ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡುತ್ತಾರೆ.

ನನ್ನ ಹತ್ತಿರ ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪಾಸಾದ ಸರ್ಟಿಫಿಕೇಟು ಇತ್ತು. ಪುರಸಭೆಯ ಹಳೆಯ ಟೈಪಿಸ್ಟು ನಿವೃತ್ತರಾಗುವವರಿದ್ದರು. ಕೆಲಸ ಸಿಕ್ಕಿತು, ಆದರೆ ಮೂರು ತಿಂಗಳು ಯಂತ್ರ ಮುಟ್ಟಲು ಬಿಡಲಿಲ್ಲ. "ಮೊದಲು ಡುಲ್ಸಿನ್ ಟೀಚರ್ ಹತ್ತಿರ ಹೋಗಿ ಗೆರೆ ಕಲಿತುಕೊಂಡು ಬಾಮ್ಮ" ಎಂದರು ಹೆಡ್ ಗುಮಾಸ್ತ ಚೆಲುವರಾಜಯ್ಯ.

ಡುಲ್ಸಿನ್ ಟೀಚರ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಒಂಟಿ ಹೆಂಗಸು. ಎಡಗಣ್ಣಿಗೆ ಪೊರೆ ಬಂದು ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ಅಂಚೆ ಕಚೇರಿಯ ಹಿಂದೆ ಪುರಸಭೆಯದೊಂದು ಕೋಣೆ ಇತ್ತು. ಅದನ್ನು ಪ್ರತಿ ವರ್ಷ ತಮ್ಮ ಹಾಳೆಯಲ್ಲಿ ರೀ-ಲೀಸ್ ಮಾಡಿಸಿಕೊಂಡು ಸಂಜೆ ಹೊತ್ತು ಮಕ್ಕಳಿಗೆ ಓದು ಹೇಳಿಕೊಡುತ್ತಿದ್ದರು. ಗೆರೆ ಹಾಕಿದರೆ ಕೋಣೆ ಮತ್ತೆ ಗುತ್ತಿಗೆಗೆ ಬರುತ್ತದೆ, ಗೆರೆ ಬಿಟ್ಟರೆ ಅದು ರಿಲೀಸ್, ಬಿಡುಗಡೆ, ಕೋಣೆ ಕೈತಪ್ಪಿ ಹೋಗುತ್ತದೆ. ಅದನ್ನೇ ಅವರು ನನಗೆ ಮೊದಲ ಪಾಠವಾಗಿ ಹೇಳಿದರು.

"ನೋಡು ಕಸ್ತೂರಿ, ಗೆರೆ ಅಂದರೆ ದೊಡ್ಡ ವಿದ್ಯೆ ಏನೂ ಅಲ್ಲ. ನಾಮಪದಕ್ಕೆ ಮುಂಚೆ ಎರಡು ಪದ ನಿಂತು ಒಟ್ಟಿಗೆ ಒಂದೇ ಕೆಲಸ ಮಾಡ್ತಾ ಉಂಟಾ? ಹಾಗಾದರೆ ಕೈಕೈ ಹಿಡಿಸು. ಅವೇ ಪದ ನಾಮಪದ ಆದ ಮೇಲೆ ಬಂದರೆ ಬಿಟ್ಟುಬಿಡು, ಅಲ್ಲಿ ಯಾರಿಗೂ ಗೊಂದಲ ಇಲ್ಲ. ಕೊನೆಯಲ್ಲಿ ಎಲ್‌ವೈ ಇರುವ ಪದಕ್ಕೂ ಬೇಡ, ಅದರ ಕೈ ಆಗಲೇ ಚಾಚಿ ಉಂಟು. ಇನ್ನು ರೀ ಅಂತ ಸುರುವಾಗುವ ಪದ ಬಂದರೆ ನಿಂತು ಒಂದು ಉಸಿರು ತಗೊಂಡು ನೋಡು. ಗೆರೆ ಇಲ್ಲದಿದ್ದರೆ ಅದು ಬೇರೆ ಪದ ಆಗ್ತದಾ ಅಂತ ಕೇಳಿಕೋ."

"ಅನುಮಾನ ಬಂದರೆ ಏನು ಮಾಡಲಿ ಟೀಚರ್?"

"ಅನುಮಾನ ಬಂದರೆ ನನ್ನ ಹತ್ತಿರ ಬಾ. ಅನುಮಾನ ಬಾರದಿದ್ದರೂ ಬಾ."

ಆ ಮಾತನ್ನು ಎರಡು ವರ್ಷ ಪಾಲಿಸಿದೆ. ಟೈಪು ಮಾಡಿದ ಪ್ರತಿ ಹಾಳೆಯನ್ನೂ ಮುದ್ರೆಗೆ ಮುಂಚೆ ಅವರಿಗೆ ತೋರಿಸುತ್ತಿದ್ದೆ. ಮೂರನೆಯ ವರ್ಷ ನಾನು ಬಸುರಿಯಾದೆ.

ನಮ್ಮೂರಿನ ಆಸ್ಪತ್ರೆಗೆ ಡಾಕ್ಟರು ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ದಿನವೆಲ್ಲ ಹನೀಫಾ ಸಿಸ್ಟರ್ ಅವರದೇ. ಇಪ್ಪತ್ತಾರು ವರ್ಷದಿಂದ ಇಲ್ಲಿನ ಹೆರಿಗೆಗಳೆಲ್ಲ ಅವರ ಕೈಯಲ್ಲೇ ಆಗಿದ್ದವು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ದಾರಿಯಲ್ಲಿ ಸಿಕ್ಕರೆ ದೊಡ್ಡ ದೊಡ್ಡ ಮೀಸೆಯ ಗಂಡಸರನ್ನೂ ನಿಲ್ಲಿಸಿ, "ನೀನು ಹುಟ್ಟಿದಾಗ ಅಳಲೇ ಇಲ್ಲ, ಬೆನ್ನಿಗೆ ಎರಡು ಕೊಟ್ಟೆ, ನೆನಪಿದೆಯಾ" ಎಂದು ಕೇಳುತ್ತಿದ್ದರು. ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ, ಇದು ತಲೆ, ಇದು ಬೆನ್ನು, ಇದು ಪುಟ್ಟ ಕಾಲು ಎಂದು ಅವರು ಹೇಳುವಾಗ ಮೊದಲ ಸಲ ನನಗೆ ಒಳಗೆ ಒಬ್ಬರು ಇದ್ದಾರೆ ಅನ್ನಿಸಿತ್ತು.

ಅವರ ಹಾಳೆಯ ದಿನ ಬರುವುದು ವರ್ಷದ ಕೊನೆಗೆ, ಯುಗಾದಿಗೆ ಹತ್ತು ದಿನ ಇರುವಾಗ. ಅವತ್ತು ಸೋಮವಾರ, ವಿಪರೀತ ಸೆಕೆ. ನನಗೆ ಎಂಟು ತಿಂಗಳು ತುಂಬಿತ್ತು. ಹೊಟ್ಟೆ ಮೇಜಿಗೆ ತಾಗುತ್ತಿದ್ದುದರಿಂದ ಕುರ್ಚಿ ಹಿಂದೆ ಸರಿಸಿ ಕೈ ಚಾಚಿ ಟೈಪು ಮಾಡುತ್ತಿದ್ದೆ. ಹನೀಫಾ ಸಿಸ್ಟರ್ ಅವರದು ಪ್ರತಿ ವರ್ಷವೂ ಒಂದೇ ವಾಕ್ಯ. ಇಂಥವರ ಹೆಂಡತಿ, ಇಂಥ ಬೀದಿಯಲ್ಲಿರುವ ಹನೀಫಾ ಎಂಬ ನಾನು ಊರಿನ ಆಸ್ಪತ್ರೆಯ ನರ್ಸ್ ಆಗಿ ರೀ-ಸೈನ್ ಮಾಡುತ್ತೇನೆ, ಎಂದರೆ ಮತ್ತೆ ಸಹಿ ಹಾಕುತ್ತೇನೆ. ಅದೇ ಅಕ್ಷರಗಳು ಗೆರೆಯಿಲ್ಲದೆ ನಿಂತರೆ ರಿಸೈನ್, ರಾಜೀನಾಮೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆರ್ ಇ ಒತ್ತಿದೆ, ಗೆರೆ ಒತ್ತಿದೆ. ಅಷ್ಟರಲ್ಲಿ ಯಂತ್ರದ ಗಂಟೆ ಟಿಣ್ ಎಂದಿತು, ಸಾಲು ಮುಗಿದಿತ್ತು. ಹಿಡಿ ತಳ್ಳಿ ಹೊಸ ಸಾಲಿಗೆ ಹೋಗಿ ಉಳಿದ ನಾಲ್ಕು ಅಕ್ಷರ ಒತ್ತಿದೆ.

ಗೆರೆ ಇತ್ತು. ನನ್ನ ಕಣ್ಣಾರೆ ನೋಡಿದೆ. ಡುಲ್ಸಿನ್ ಟೀಚರಿಗೆ ಅವತ್ತು ಜ್ವರ, ತಮ್ಮ ಕೋಣೆಗೆ ಬಂದಿರಲಿಲ್ಲ. ಅವರ ಮನೆಯವರೆಗೆ ಆ ಬಿಸಿಲಿನಲ್ಲಿ ನಡೆಯಬೇಕಲ್ಲ ಅನ್ನಿಸಿತು. ಎರಡು ವರ್ಷ ಟೈಪು ಮಾಡಿದ ವಾಕ್ಯ, ಗೆರೆಯೂ ಇದೆ, ತೋರಿಸುವುದೇನಿದೆ ಅಂದುಕೊಂಡು ನೇರವಾಗಿ ಮುದ್ರೆಗೆ ಕೊಟ್ಟೆ. ಹನೀಫಾ ಸಿಸ್ಟರ್ ಸಹಿ ಹಾಕಿ, "ನಾಡಿದ್ದು ಬಾ, ನೋಡೋಣ ನಿನ್ನ ಕೂಸು ಹೇಗಿದೆ ಅಂತ" ಎಂದು ಹೇಳಿ ಹೋದರು.

ಬುಧವಾರ ಹೋದೆ. ಸಿಸ್ಟರ್ ಆಸ್ಪತ್ರೆಯ ಒಳಗಿರಲಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ನರ್ಸಿನ ಬಿಳಿ ಸೀರೆ ಉಟ್ಟಿರಲಿಲ್ಲ.

"ಯಾಕೆ ಸಿಸ್ಟರ್, ಹುಷಾರಿಲ್ವಾ?"

"ಹುಷಾರಾಗಿದ್ದೀನಿ. ನಿನ್ನೆ ಬೆಳಿಗ್ಗೆಯಿಂದ ಏನೋ ಒಂಥರಾ. ಒಳಗೆ ಹೋದರೆ ಬೇರೆಯವರ ಮನೆಗೆ ಹೋದ ಹಾಗೆ ಆಗುತ್ತೆ." ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಎಂದಿನಂತೆ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು. ಕೈ ಅತ್ತ ಇತ್ತ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಆಮೇಲೆ ಕಣ್ಣು ಬಿಟ್ಟು ತಮ್ಮ ಅಂಗೈಯನ್ನೇ ನೋಡಿಕೊಂಡರು.

"ತಲೆ ಯಾವ ಕಡೆ ಇದೆ ಅಂತ ಗೊತ್ತಾಗ್ತಿಲ್ಲ ಕಸ್ತೂರಿ" ಎಂದರು.

ನನಗೆ ಒಮ್ಮೆಲೇ ಸೋಮವಾರದ ಹಾಳೆ ನೆನಪಾಯಿತು. ಅಲ್ಲಿಂದ ಎದ್ದು ಪುರಸಭೆಗೆ ಹೇಗೆ ಬಂದೆನೋ ತಿಳಿಯದು. ದಾಖಲೆಯ ಬೀರು ತೆಗೆಸಿ ಅವರ ಹಾಳೆ ಹಿಡಿದು ನೋಡಿದೆ. ಗೆರೆ ಇತ್ತು, ಸಾಲಿನ ಕೊನೆಯಲ್ಲಿ. ಆಗ ಹೊಳೆಯಿತು. ಸಾಲಿನಲ್ಲಿ ಜಾಗ ಸಾಲದೆ ಪದವನ್ನು ತುಂಡು ಮಾಡಿದಾಗಲೂ ನಾವು ಅಲ್ಲೊಂದು ಗೆರೆ ಹಾಕುತ್ತೇವೆ. ಓದುವವರು ಎರಡು ತುಂಡನ್ನೂ ಸೇರಿಸಿ ಒಂದೇ ಪದ ಮಾಡಿಕೊಂಡು ಗೆರೆಯನ್ನು ಮರೆತುಬಿಡುತ್ತಾರೆ. ಹಾಳೆಯೂ ಹಾಗೆಯೇ ಓದಿತ್ತು. ರೀ ಮತ್ತು ಸೈನ್ ಸೇರಿ ರಿಸೈನ್ ಆಗಿ, ಇಪ್ಪತ್ತಾರು ವರ್ಷದ ಕೈ ಎರಡು ದಿನದ ಹಿಂದೆ ರಾಜೀನಾಮೆ ಕೊಟ್ಟಿತ್ತು.

ಡುಲ್ಸಿನ್ ಟೀಚರ್ ಮನೆಗೆ ಹೋದೆ. ಜ್ವರ ಬಿಟ್ಟು ಗಂಜಿ ಕುಡಿಯುತ್ತಾ ಕೂತಿದ್ದರು. ಎಲ್ಲ ಹೇಳಿದೆ. ತೋರಿಸದೆ ಕೊಟ್ಟದ್ದನ್ನೂ, ಬಿಸಿಲಿಗೆ ಬೇಸರಪಟ್ಟದ್ದನ್ನೂ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ.

"ಸಾಲಿನ ಕೊನೆಯ ಗೆರೆ ಲೆಕ್ಕಕ್ಕಿಲ್ಲ ಅಂತ ನಾನು ನಿನಗೆ ಹೇಳಿದ್ದೆನಾ?" ಎಂದು ಕೇಳಿದರು.

ನೆನಪು ಮಾಡಿಕೊಂಡು, "ಇಲ್ಲ ಟೀಚರ್" ಎಂದೆ.

"ಹೇಳಿರಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಹೇಳಿದ್ದೇನೆ, ನಿನಗೆ ಹೇಳಲಿಲ್ಲ. ಹಾಗಾದರೆ ಅರ್ಧ ನನ್ನದು." ಗಂಜಿಯ ಬಟ್ಟಲು ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಹನೀಫಾಗೆ ಹೇಳಿದೆಯಾ?"

"ಇಲ್ಲ."

"ಮೊದಲು ಅಲ್ಲಿಗೆ ಹೋಗು. ನಾನು ಚೆಲುವರಾಜಯ್ಯನನ್ನು ನೋಡ್ತೇನೆ."

ಸಿಸ್ಟರ್ ಇನ್ನೂ ಕಟ್ಟೆಯ ಮೇಲೆಯೇ ಇದ್ದರು. ನಿಂತುಕೊಂಡೇ ಹೇಳಿದೆ, ಕೂರಲು ಧೈರ್ಯ ಬರಲಿಲ್ಲ. ಪೂರ್ತಿ ಕೇಳಿಸಿಕೊಂಡ ಮೇಲೆ ಅವರು ಮೆಲ್ಲಗೆ, "ಸದ್ಯ, ವಯಸ್ಸಾಗಿ ಹೀಗಾಯಿತೇನೋ ಅಂದುಕೊಂಡಿದ್ದೆ" ಎಂದರು. ಆಮೇಲೆ, "ನಾನೂ ಈ ಇಪ್ಪತ್ತಾರು ವರ್ಷದಲ್ಲಿ ಒಂದೆರಡು ಸಲ ತಪ್ಪಿದ್ದೀನಿ ಕಸ್ತೂರಿ. ನನ್ನ ತಪ್ಪು ಕಾಗದದ ಮೇಲಿರಲಿಲ್ಲ, ಅಷ್ಟೇ. ಕೂತುಕೋ. ಆ ಹೊಟ್ಟೆ ಹೊತ್ತುಕೊಂಡು ಎಷ್ಟು ಹೊತ್ತು ನಿಂತಿರ್ತೀಯಾ" ಎಂದರು. ನಾನು ಕೂತು ಅತ್ತೆ. ಅವರು ಬೆನ್ನು ಸವರಿದರು. ಬೆನ್ನು ಸವರುವುದು ಅವರ ಕೈಗೆ ಮರೆತಿರಲಿಲ್ಲ.

ಚೆಲುವರಾಜಯ್ಯ ಕೆಟ್ಟ ಮನುಷ್ಯ ಅಲ್ಲ, ಆದರೆ ನಿಯಮ ಬಿಟ್ಟು ಅಲುಗಾಡುವವರೂ ಅಲ್ಲ. ಮುದ್ರೆ ಬಿದ್ದ ಹಾಳೆಗೆ ಚುಕ್ಕೆ ಸೇರಿಸಿದರೂ ಹಾಳೆ ಬಿಳಿಯಾಗಿ ಆ ವರ್ಷಕ್ಕೆ ಏನೂ ಇಲ್ಲದಂತಾಗುತ್ತದೆ, ಹಿಂದೆ ಒಮ್ಮೆ ಆಗಿತ್ತು. ಹನೀಫಾ ಅವರಿಗೆ ಹೊಸ ವರ್ಷದ ಹಾಳೆ ಸಿಗುವುದು ಮತ್ತೆ ಅವರ ದಿನ ಬಂದಾಗ, ಎಂದರೆ ಪೂರ್ತಿ ವರ್ಷದ ಮೇಲೆ. ಬೇರೆ ಯಾರಾದರೂ ತಮ್ಮ ಹಾಳೆಯಲ್ಲಿ ಅವರ ಕೆಲಸ ಬರೆಸಿಕೊಟ್ಟರೆ ಆಗುತ್ತದೆ. ಆದರೆ ವರ್ಷ ಮುಗಿಯುತ್ತ ಬಂದಿತ್ತು. ನನ್ನದು, ಯತಿರಾಜರದು, ಬೀದಿಯ ಎಲ್ಲರದೂ ಖರ್ಚಾಗಿ ಹೋಗಿತ್ತು. ಯುಗಾದಿಯಾದ ಮೇಲೆ ಮೊದಲ ಹಾಳೆ ಸಿಗುವವರೆಗೂ ಕಾಯಬಹುದಿತ್ತೇನೋ, ಆದರೆ ಹೊಸ ವರ್ಷದ ಹಾಳೆಗಳು ಬರುವುದು ಹಬ್ಬ ಕಳೆದು ತಿಂಗಳ ಮೇಲೆ. ಆಗ ಊರಿನಲ್ಲಿ ನನ್ನನ್ನೂ ಸೇರಿಸಿ ಐದು ಜನ ಬಸುರಿಯರಿದ್ದೆವು.

ಚೆಲುವರಾಜಯ್ಯ ರಿಜಿಸ್ಟರು ತಿರುವಿ ಹಾಕಿದರು. ಇನ್ನೂ ಬಳಸದ ಹಾಳೆ ಉಳಿದಿದ್ದದ್ದು ಎರಡು. ಒಂದು ಊರು ಬಿಟ್ಟು ಹೋಗಿದ್ದವರೊಬ್ಬರದು. ಇನ್ನೊಂದು, ಶುಕ್ರವಾರದ್ದು, ಡುಲ್ಸಿನ್ ಟೀಚರ್ ಅವರದು.

"ಅದು ನಿಮ್ಮ ಕೋಣೆಯ ಹಾಳೆ ಟೀಚರ್" ಎಂದರು ಚೆಲುವರಾಜಯ್ಯ.

"ಗೊತ್ತುಂಟು" ಎಂದರು ಟೀಚರ್.

"ಈ ವರ್ಷ ಬರೆಸದಿದ್ದರೆ ಕೋಣೆ ಪುರಸಭೆಗೆ ಹೋಗುತ್ತೆ. ಅದಕ್ಕೆ ಆಗಲೇ ನಾಲ್ಕು ಅರ್ಜಿ ಇವೆ. ಒಮ್ಮೆ ಹೋದರೆ ವಾಪಸ್ ಸಿಗೋದಿಲ್ಲ."

"ಅದೂ ಗೊತ್ತುಂಟು ಮಾರಾಯ. ಮಕ್ಕಳು ಹುಟ್ಟಿದರಲ್ವಾ ನಾನು ಪಾಠ ಹೇಳೋದು."

ನಾನು ಅವರನ್ನು ಕೇಳಿರಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಆ ಕೋಣೆಯಲ್ಲಿ ಅವರು ಹದಿನೇಳು ವರ್ಷ ಪಾಠ ಮಾಡಿದ್ದರು. ಗೋಡೆಗೆ ತಾವೇ ಸುಣ್ಣ ಹೊಡೆದು, ಮಕ್ಕಳ ಎತ್ತರಕ್ಕೆ ಸರಿಯಾಗಿ ಹಲಗೆ ಮಾಡಿಸಿದ್ದರು. ಹೊರಗೆ ಬರುವಾಗ ನಾನು ಏನೋ ಹೇಳಲು ಹೋದರೆ, "ಶುಕ್ರವಾರ ಬೆಳಿಗ್ಗೆ ಬೇಗ ಬಾ, ರಿಬ್ಬನ್ ಹೊಸದು ಹಾಕು" ಎಂದಷ್ಟೇ ಹೇಳಿದರು.

ಶುಕ್ರವಾರದವರೆಗೆ ಕಾಯಬೇಕಾಗಿತ್ತು. ಗುರುವಾರ ಬೆಳಿಗ್ಗೆ ಹೆಂಚಿನ ಕಾರ್ಖಾನೆಯ ಓಣಿಯ ಮಂಜವ್ವನಿಗೆ ದಿನ ತುಂಬುವ ಮುಂಚೆಯೇ ನೋವು ಸುರುವಾಯಿತು. ಚೊಚ್ಚಲು. ಹನೀಫಾ ಸಿಸ್ಟರ್ ಓಡಿ ಹೋದರು, ಆದರೆ ಅವರಿಂದಾದದ್ದು ಆಕೆಯ ಕೈ ಹಿಡಿದು ಕೂರುವುದು ಮಾತ್ರ. ಕೊನೆಗೆ ಲಾರಿಯಲ್ಲಿ ಹಾಸಿಗೆ ಹಾಕಿ ದೂರದ ಜಿಲ್ಲಾ ಆಸ್ಪತ್ರೆಗೆ ಹೊರಡಿಸಿದರು. ಅದು ಆರು ಗಂಟೆಯ ದಾರಿ. ನಡುದಾರಿಯಲ್ಲೇ ಹೆರಿಗೆಯಾಯಿತು. ಮಗು ಉಳಿಯಿತು, ಮಂಜವ್ವನೂ ಉಳಿದಳು. ರಕ್ತ ಬಹಳ ಹೋಗಿ ಮೂರು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಆಮೇಲೆ ನಾನು ಹೋಗಿ ನೋಡಿದಾಗ ಮಂಜವ್ವ ನಕ್ಕಳು, ಮಗುವನ್ನು ಕೈಗೆ ಕೊಟ್ಟಳು. ಅವಳ ಅತ್ತೆ ಮಾತ್ರ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಮಾತಾಡಬೇಕು ಅಂತ ನಾನು ಬಯಸುವುದೂ ಇಲ್ಲ.

ಶುಕ್ರವಾರ ಬೆಳಿಗ್ಗೆ ರಿಬ್ಬನ್ ಬದಲಾಯಿಸಿ, ಹಾಳೆ ಏರಿಸಿ, ಕೈ ಒರೆಸಿಕೊಂಡು ಕೂತೆ. ಟೀಚರ್ ನನ್ನ ಬಲಗಡೆ ನಿಂತಿದ್ದರು. ಚೆಲುವರಾಜಯ್ಯ ಹಿಂದಿನ ಹಾಳೆಗಳ ನಮೂನೆ ಹಿಡಿದುಕೊಂಡು ಬಂದಿದ್ದರು. ಹನೀಫಾ ಸಿಸ್ಟರ್ ಬಾಗಿಲ ಹತ್ತಿರ.

ನಾನು ರಾತ್ರಿಯಿಡೀ ಯೋಚಿಸಿಕೊಂಡು ಬಂದಿದ್ದೆ. "ರೀ-ಅಪಾಯಿಂಟ್ ಅಂತ ಹಾಕೋಣವಾ ಟೀಚರ್? ಸಾಲಿನ ನಡುವೆ ಬರುವ ಹಾಗೆ ಮಾರ್ಜಿನ್ ಇಟ್ಟಿದ್ದೀನಿ. ಗೆರೆ ಎರಡು ಸಲ ಒತ್ತಿ ದಪ್ಪ ಮಾಡ್ತೀನಿ."

"ಬೇಡ" ಎಂದರು ಟೀಚರ್. "ಹನೀಫಾ ಈಸ್ ಅವರ್ ನರ್ಸ್. ಹನೀಫಾ ನಮ್ಮ ನರ್ಸ್, ಅಷ್ಟೇ ಒತ್ತು."

ನಾನು ಅವರ ಮುಖ ನೋಡಿದೆ. "ಗೆರೆ ಬೇಡವಾ?"

"ಗೆರೆ ಬೇಕಾಗುವಂಥ ಮಾತು ಇವತ್ತು ಬರೆಯೋದೇ ಬೇಡ. ಗೆರೆ ಎಲ್ಲಿ ಹಾಕಬೇಕು ಅಂತ ಕಲಿಸೋದು ನನ್ನ ಕೆಲಸ, ಸರಿ. ಗೆರೆ ಇಲ್ಲದೆಯೇ ಹೇಳಲಿಕ್ಕೆ ಆಗ್ತದಾ ಅಂತ ಮೊದಲು ನೋಡಬೇಕು. ಅದನ್ನು ನಾನು ಕಲಿಸೋದೇ ಮರೆತಿದ್ದೆ."

ಚೆಲುವರಾಜಯ್ಯ ಗಂಟಲು ಸರಿಮಾಡಿಕೊಂಡರು. "ಇದು ನಮೂನೆ ಪ್ರಕಾರ ಇಲ್ಲ ಟೀಚರ್. ಯಾರ ಹೆಂಡತಿ, ಯಾವ ಬೀದಿ, ಎಷ್ಟು ವರ್ಷಕ್ಕೆ, ಒಂದೂ ಇಲ್ಲ."

"ಎಷ್ಟು ವರ್ಷಕ್ಕೆ ಅಂತ ಇಲ್ಲದಿರೋದು ಒಳ್ಳೆಯದೇ ಅಲ್ವಾ ಚೆಲುವರಾಜಯ್ಯ? ಈಸ್ ಅಂದರೆ ಈಸ್. ನಿಮ್ಮನ್ನು ಹೆರಿಗೆ ಮಾಡಿಸಿದ್ದು ಯಾರು?"

"ನನ್ನನ್ನಲ್ಲ. ನನ್ನ ಮಕ್ಕಳನ್ನು."

"ಎಷ್ಟು ಮಕ್ಕಳು?"

ಚೆಲುವರಾಜಯ್ಯ ನಮೂನೆಯ ಹಾಳೆಗಳನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮುದ್ರೆಯ ಡಬ್ಬಿ ತೆಗೆದರು.

ನಾನು ನಾಲ್ಕು ಪದ ಒತ್ತಿದೆ. ಅರ್ಧ ಸಾಲೂ ತುಂಬಲಿಲ್ಲ, ಗಂಟೆ ಹೊಡೆಯಲೇ ಇಲ್ಲ. ಕೊನೆಗೆ ಒಂದು ಚುಕ್ಕೆ ಇಟ್ಟು ಹಾಳೆ ಬಿಡಿಸಿ ಟೀಚರ್ ಕೈಗೆ ಕೊಟ್ಟೆ. ಅವರು ಅದನ್ನು ಮೂಗಿನ ಹತ್ತಿರ ಹಿಡಿದು, ನಾಲ್ಕೇ ಪದವನ್ನು, ಒಂದು ಪುಟ ಓದುವಷ್ಟು ಹೊತ್ತು ಓದಿದರು. ಆಮೇಲೆ ಸಹಿ ಹಾಕಿದರು. ಮುದ್ರೆ ಬಿತ್ತು.

ಶನಿವಾರ ಬೆಳಿಗ್ಗೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಹನೀಫಾ ಸಿಸ್ಟರ್ ನಮ್ಮ ಮನೆಯ ಹಿತ್ತಿಲ ಬಾಗಿಲಿಗೇ ಬಂದರು. ಬಿಳಿ ಸೀರೆ ಉಟ್ಟಿದ್ದರು. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಚಾಪೆಯ ಮೇಲೆ ಮಲಗಿಸಿ ಅಂಗೈ ಇಟ್ಟರು. ಕಣ್ಣು ಮುಚ್ಚಿದ ಕ್ಷಣಕ್ಕೆ ರೆಪ್ಪೆಯಡಿಯಿಂದ ನೀರು ಇಳಿಯಿತು.

"ತಲೆ ಮೇಲಿದೆ" ಎಂದರು. "ಉಲ್ಟಾ ಕೂತಿದೆ ನಿನ್ನ ಕೂಸು. ಅದಕ್ಕೇ ಮೊನ್ನೆ ಹುಡುಕಿದರೂ ಸಿಗಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದಿತ್ತು ನೋಡು." ಯತಿರಾಜರು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ತಲೆ ಮೇಲಿದೆ ಎಂದರೆ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗಲಿಲ್ಲ. ಸಿಸ್ಟರ್ ಅಳುತ್ತಿದ್ದದ್ದು ಕಂಡು ಅವರೂ ಅತ್ತರು.

ಮೂರು ವಾರದ ಮೇಲೆ, ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಮಗಳು ಹುಟ್ಟಿದಳು. ಕಾಲು ಮುಂದಾಗಿ ಬಂದಳು. ಮೊದಲು ಒಂದು ಕಾಲು, ಬಹಳ ಹೊತ್ತಿನ ಮೇಲೆ ಇನ್ನೊಂದು. ಆ ಹೊತ್ತಿನಲ್ಲಿ ಸಿಸ್ಟರ್ ಒಂದು ಸಲವೂ ಧ್ವನಿ ಎತ್ತಲಿಲ್ಲ. "ಈಗ ಬೇಡ. ಈಗ ಬೇಡ ಕಸ್ತೂರಿ. ತಡಿ. ಹಾಂ, ಈಗ" ಎಂದು ಅಕ್ಕಿ ಆರಿಸುವವರ ಹಾಗೆ ಹೇಳುತ್ತಿದ್ದರು. ಭುಜ ಬರುವಾಗ ಅವರ ಕೈ ಒಳಗೆ ಏನು ಮಾಡಿತೋ ನನಗೆ ತಿಳಿಯದು. ಮಗುವನ್ನು ಎತ್ತಿ ತೋರಿಸಿದಾಗ ಅವರ ಮುಖದ ತುಂಬ ಬೆವರು, ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಮುಂದೆ ಡಾಕ್ಟರು ಬಂದಾಗ ಎಲ್ಲ ಕೇಳಿಕೊಂಡು, ಈ ಕೈ ಇಲ್ಲದಿದ್ದರೆ ಇಬ್ಬರಲ್ಲಿ ಒಬ್ಬರು ಉಳಿಯುತ್ತಿರಲಿಲ್ಲ ಎಂದರು. ಯಾರು ಎಂದು ನಾನು ಕೇಳಲಿಲ್ಲ.

ಅಷ್ಟರಲ್ಲಿ ಟೀಚರ್ ಕೋಣೆ ಹೋಗಿತ್ತು. ಅದರಲ್ಲಿ ಈಗ ಹೊಲಿಗೆ ಅಂಗಡಿ. ಬೆಂಚುಗಳನ್ನೆಲ್ಲ ಹೊರಗಿಟ್ಟ ದಿನ ಹನೀಫಾ ಸಿಸ್ಟರ್ ಹೋಗಿ ಬೆಂಚಿನ ಒಂದು ತುದಿ ಹಿಡಿದು ಎತ್ತಿದರಂತೆ. ಇನ್ನೊಂದು ತುದಿ ಹಿಡಿಯಲು ಯಾರನ್ನೂ ಕರೆಯಬೇಕಾಗಲಿಲ್ಲ. ಆಸ್ಪತ್ರೆಯ ಮುಂದಿನ ಜಗಲಿಗೆ ಬೆಂಚು, ಹಲಗೆ ಎಲ್ಲ ಬಂದವು. ಜಗಲಿ ಆಸ್ಪತ್ರೆಗೆ ಸೇರಿದ್ದು. ಯಾರ ಹಾಳೆಯಲ್ಲೂ ಇಲ್ಲದ್ದು, ಬರೆಸಬೇಕಾಗಿಯೂ ಇಲ್ಲದ್ದು. ಸಂಜೆ ಅಲ್ಲಿ ಪಾಠ ಸುರುವಾಯಿತು. ಒಳಗೆ ಹೆರಿಗೆ ಇದ್ದ ದಿನ ಮಕ್ಕಳು ಪಿಸುಮಾತಿನಲ್ಲಿ ಓದುತ್ತಾರೆ.

ಮಗಳಿಗೆ ನಲವತ್ತು ದಿನ ತುಂಬಿದ ಮೇಲೆ ಅವಳನ್ನು ಎತ್ತಿಕೊಂಡು ನಾನು ಜಗಲಿಗೆ ಹೋದೆ. ಮಕ್ಕಳು ಬರೆಯುತ್ತಿದ್ದರು. ಟೀಚರ್ ಒಂದು ನೋಟುಪುಸ್ತಕವನ್ನು ಮುಖದ ಹತ್ತಿರ ಹಿಡಿದು ಓದಲು ಕಷ್ಟಪಡುತ್ತಿದ್ದರು. ಅವರ ಪಕ್ಕದಲ್ಲಿ ಕೂತೆ.

"ಟೀಚರ್, ನನ್ನ ಹೊಸ ಹಾಳೆಯ ದಿನ ಬರುತ್ತಿದೆ. ಅದರಲ್ಲಿ ನಿಮಗೆ ಕೋಣೆ ಬರೆಸ್ತೀನಿ. ಆ ಕೋಣೆ ಅಲ್ಲದಿದ್ದರೆ ಬೇರೆ."

"ಅದು ನಿನ್ನ ಕೆಲಸದ ಹಾಳೆ. ನೀನು ಯಂತ್ರ ಬಿಟ್ಟರೆ ಊರಿಗೆ ಯಾರು? ಇನ್ನೊಮ್ಮೆ ಸಾಲಿನ ಕೊನೆಯಲ್ಲಿ ಆ ತಪ್ಪು ಮಾಡದವಳು ಈಗ ಊರಲ್ಲಿ ನೀನೊಬ್ಬಳೇ."

"ಹಾಗಾದರೆ ಥ್ಯಾಂಕ್ ಯೂ ಅಂತಾದರೂ ಬರೆಸಲಾ? ಅದಕ್ಕೆ ಗೆರೆ ಬೇಕಾ ಟೀಚರ್?" ತಮಾಷೆಗೆ ಕೇಳಲು ಹೋದೆ, ಅಳು ಬಂದುಬಿಟ್ಟಿತು.

ಅವರು ಪುಸ್ತಕ ಕೆಳಗಿಟ್ಟು ಪಾಠದ ಧ್ವನಿಯಲ್ಲೇ ಹೇಳಿದರು. "ಥ್ಯಾಂಕ್-ಯೂ ಕಾರ್ಡು, ಥ್ಯಾಂಕ್-ಯೂ ಉಡುಗೊರೆ ಅಂತ ಅದನ್ನು ಒಂದು ವಸ್ತು ಮಾಡಿ ಕೊಡೋದಾದರೆ ಗೆರೆ ಬೇಕು. ಒಬ್ಬರು ಇನ್ನೊಬ್ಬರ ಮುಖ ನೋಡಿ ಹೇಳೋದಾದರೆ ಬೇಡ."

ನಾನು ಅವರ ಮುಖ ನೋಡಿದೆ. ಪೊರೆ ಬಂದ ಕಣ್ಣೂ ನನ್ನನ್ನೇ ನೋಡುತ್ತಿತ್ತು. ಮಗುವನ್ನು ಅವರ ತೊಡೆಯ ಮೇಲೆ ಇಟ್ಟೆ.

ಮುಂದಿನ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಬಂದಳು. "ಟೀಚರ್, ನ್ಯೂಬಾರ್ನ್ ಅನ್ನೋದಕ್ಕೆ ನಡುವೆ ಗೆರೆ ಹಾಕಬೇಕಾ?"

"ಹಿಂದೆ ಹಾಕ್ತಿದ್ದರು" ಎಂದರು ಟೀಚರ್, ಮಗುವಿನ ಟೋಪಿ ಸರಿಮಾಡುತ್ತ. "ನ್ಯೂ ಬೇರೆ, ಬಾರ್ನ್ ಬೇರೆ ಇತ್ತು. ಆಮೇಲೆ ಗೆರೆ ಹಾಕಿ ಜೊತೆ ಮಾಡಿದರು. ಬಹಳ ವರ್ಷ ಹಾಗೇ ಕೈ ಹಿಡಿದುಕೊಂಡು ಇದ್ದು ಇದ್ದು ಒಂದೇ ಪದ ಆಯಿತು. ಈಗ ಗೆರೆ ಬೇಡ. ಹೋಗಿ ಬರಿ." ಆಮೇಲೆ ನನ್ನ ಕಡೆ ತಿರುಗಿ, ಮೇಜಿನ ಮೇಲಿನ ನೋಟುಪುಸ್ತಕಗಳ ರಾಶಿಯನ್ನು ನನ್ನತ್ತ ತಳ್ಳಿದರು. "ಸುಮ್ಮನೆ ಕೂತು ಅಳಬೇಡ. ನನಗೆ ಸಣ್ಣ ಅಕ್ಷರ ಕಾಣ್ತಾ ಇಲ್ಲ. ಕೆಂಪು ಪೆನ್ನು ಡ್ರಾಯರಿನಲ್ಲಿ ಉಂಟು."

ಕೆಂಪು ಪೆನ್ನು ತೆಗೆದುಕೊಂಡು ಒಂದೊಂದಾಗಿ ತಿದ್ದಿದೆ. ಬೇಕಾದ ಕಡೆ ಗೆರೆ ಹಾಕಿದೆ, ಬೇಡದ್ದನ್ನು ಹೊಡೆದೆ. ಮೂವತ್ತೊಂದು ಪುಸ್ತಕ ಮುಗಿಸುವ ಹೊತ್ತಿಗೆ ಮಕ್ಕಳು ಮನೆಗೆ ಹೋಗಿದ್ದರು, ಒಳಗೆ ಹನೀಫಾ ಸಿಸ್ಟರ್ ಸ್ಟವ್ ಹಚ್ಚಿ ಮೂರು ಲೋಟ ಚಹಾ ಮಾಡುತ್ತಿದ್ದರು. ಮಗಳು ಟೀಚರ್ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅವಳ ಮುಷ್ಟಿಯಲ್ಲಿ ಅವರ ಸೆರಗಿನ ತುದಿ ಸಿಕ್ಕಿಕೊಂಡಿತ್ತು. ಬಿಡಿಸಿಕೊಳ್ಳಲು ಟೀಚರ್ ಪ್ರಯತ್ನ ಮಾಡಲಿಲ್ಲ. ನಾನೂ ಹೊರಡೋಣ ಎನ್ನಲಿಲ್ಲ.